ಬೊಲಿವಿಯಾಕ್ಕೆ ಹೊರಟಿರುವ ಗೆಳೆಯನಿಗೊಂದು ಪತ್ರ

ಪ್ರಿಯ ರಘು,

ನೀನೂ ಸುಮಾಳೂ ಲಾ ಪಾಸ್‌ಗೆ ಟಿಕೆಟ್ ನೋಡುತ್ತಿದ್ದೀರಂತೆ. ದಯವಿಟ್ಟು ಅದನ್ನು ತೆಗೆಯಬೇಡಿ. ಅಲ್ಲಿನ ವಿಮಾನ ನಿಲ್ದಾಣ ಇರುವುದೇ 4,061 ಮೀಟರ್ ಎತ್ತರದ ಎಲ್ ಆಲ್ಟೊದಲ್ಲಿ. ಬೆಂಗಳೂರಿನ 900 ಮೀಟರಿನವರು ನೇರ ಅಲ್ಲಿ ಇಳಿದರೆ ಮೊದಲೆರಡು ದಿನ ತಲೆನೋವು, ಓಕರಿಕೆಯಲ್ಲೇ ಹೋಗಬಹುದು. ಸುಮಾರು 400 ಮೀಟರಿನ ಸಾಂತಾ ಕ್ರೂಸ್‌ನಲ್ಲಿ ಇಳಿದು, ಅಲ್ಲಿಂದ 2,800 ಮೀಟರಿನ ಸೂಕ್ರೆಗೆ ಹೋಗಿ ಮೂರು ನಾಲ್ಕು ರಾತ್ರಿ ನಿಲ್ಲಿ.

3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು ಅನ್ನುತ್ತಾರೆ. ಸೂಕ್ರೆಯ ಮುಂದಿನ ದೊಡ್ಡ ಊರು ಪೊಟೊಸಿಯೋ 4,000 ದಾಟಿದೆ. ಅದನ್ನು ಹಗಲಲ್ಲಿ ನೋಡಿ, ಅದೇ ಸಂಜೆ 3,650 ಮೀಟರಿನ ಉಯುನಿಗೆ ಬಂದು ಮಲಗಿ. ಇದೂ ಆ ಮಿತಿಗಿಂತ ಹೆಚ್ಚಿನ ಏರಿಕೆಯೇ, ಸೂಕ್ರೆಯಲ್ಲಿ ಮೂರು ನಾಲ್ಕು ರಾತ್ರಿ ನಿಲ್ಲಿ ಅಂದದ್ದು ಅದಕ್ಕೇ. ಲಾ ಪಾಸ್ ಕೊನೆಗಿರಲಿ. ಎತ್ತರದ ಕಾಯಿಲೆ ತಡೆಯುವ ಡಯಾಮಾಕ್ಸ್ ಮಾತ್ರೆಯ ಬಗ್ಗೆ ಹೊರಡುವ ಮೊದಲೇ ವೈದ್ಯರನ್ನು ಕೇಳಿ, ಸಲ್ಫಾ ಅಲರ್ಜಿ ಇದ್ದರೆ ಹೇಳಿ. ಅದು ಮೂತ್ರ ಹೆಚ್ಚಿಸುತ್ತದೆ, ಅಲ್ಲಿನ ಎಷ್ಟೋ ಬಸ್ಸುಗಳಲ್ಲಿ ಶೌಚಾಲಯ ಇರುವುದಿಲ್ಲ, ಇದ್ದರೂ ಬೀಗ! ನಿಲ್ದಾಣದ ಶೌಚಾಲಯಕ್ಕೆ ಒಂದೆರಡು ಬೊಲಿವಿಯಾನೊ ನಾಣ್ಯ ಜೇಬಿನಲ್ಲಿರಲಿ. ದೊಡ್ಡ ನೋಟು ಚಾಚಿದರೆ ಸಂತೆಯಲ್ಲಿ ಯಾರೂ ಚಿಲ್ಲರೆ ಕೊಡುವುದಿಲ್ಲ. ಡಾಲರ್ ಒಯ್ಯುವುದಾದರೆ ಹೊಸ ನೋಟುಗಳನ್ನೇ ಒಯ್ಯಿರಿ, ಅಂಚು ಹರಿದದ್ದನ್ನೂ ಶಾಯಿ ಗುರುತಿದ್ದದ್ದನ್ನೂ ಹಿಂದಕ್ಕೆ ತಳ್ಳುತ್ತಾರೆ.

ಉಯುನಿಯ ಉಪ್ಪಿನ ಬಯಲು ಹತ್ತು ಸಾವಿರ ಚದರ ಕಿಲೋಮೀಟರಿಗೂ ಮಿಕ್ಕಿದ್ದು. ಮೂರು ಹಗಲು ಎರಡು ರಾತ್ರಿಯ ಜೀಪು ಪ್ರವಾಸದಲ್ಲಿ ಸಾಮಾನ್ಯವಾಗಿ ಚಾಲಕನ ಜೊತೆ ಆರು ಜನ. ಹಣ ಕೊಡುವ ಮೊದಲು ಕೇಳಬೇಕಾದ್ದು ದರವಲ್ಲ: ಹೆಚ್ಚುವರಿ ಟೈರು ಎಷ್ಟು, ಸೀಟು ಬೆಲ್ಟ್ ಎಲ್ಲರಿಗೂ ಇದೆಯೇ, ಚಾಲಕ ಒಬ್ಬನೇ ಮೂರೂ ದಿನ ಓಡಿಸುತ್ತಾನೆಯೇ. ಎರಡನೇ ರಾತ್ರಿಯ ತಂಗುದಾಣ ಹೆಚ್ಚಾಗಿ ಲಗೂನಾ ಕೊಲೊರಾಡಾ ಎಂಬ ಸರೋವರದ ಬಳಿ, 4,200 ಮೀಟರಿನ ಮೇಲೆ. ಜೂನ್, ಜುಲೈನಲ್ಲಿ ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗಿಳಿಯುವುದು ಅಲ್ಲಿ ಮಾಮೂಲು. ಮಲಗುವ ಚೀಲ ಬಾಡಿಗೆಗೆ ತಗೊಳ್ಳಿ, ಫೋನನ್ನು ಅದರೊಳಗೇ ಇಟ್ಟುಕೊಳ್ಳಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಉಪ್ಪು ಬಿಸಿಲನ್ನು ಕೆಳಗಿನಿಂದಲೂ ಎಸೆಯುವುದರಿಂದ ಸನ್‌ಸ್ಕ್ರೀನನ್ನು ಗಲ್ಲದ ಅಡಿ, ಮೂಗಿನ ಹೊಳ್ಳೆಯ ಸುತ್ತ ಬಳಿಯಿರಿ, ಸುಡುವುದು ಅಲ್ಲೇ. ಕೆಲವು ಪ್ರವಾಸಗಳು ಚಿಲಿಯ ಗಡಿಯಲ್ಲಿ ಮುಗಿಯುತ್ತವೆ, ಹಾಗಾಗಿ ಚಿಲಿ ವೀಸಾ ಇಲ್ಲದವರು ಮೂರನೇ ದಿನ ಉಯುನಿಗೇ ಮರಳುವ ಜೀಪು ಅಂತ ಖಚಿತ ಮಾಡಿಕೊಳ್ಳಬೇಕು.

ಸುಮಾಳ ಊಟದ ಚಿಂತೆಗೆ: 'ಸಿನ್ ಕಾರ್ನೆ' (ಮಾಂಸವಿಲ್ಲದೆ) ಎಂದು ಹೇಳಿದರೆ ದನದ ಮಾಂಸ ಬೇಡ ಅಂತಷ್ಟೇ ತಿಳಿದು ಕೋಳಿ ಹಾಕಿ ಕೊಡುತ್ತಾರೆ. 'ನಿ ಪೊಯ್ಯೊ, ನಿ ಪೆಸ್ಕಾದೊ' (ಕೋಳಿಯೂ ಬೇಡ, ಮೀನೂ ಬೇಡ) ಎಂದೂ ಸೇರಿಸಿ. ಕಡಲೆಕಾಯಿ ಸೂಪು ನೋಡಲು ಸಸ್ಯಾಹಾರ, ಸಾರು ಮಾತ್ರ ಹೆಚ್ಚಾಗಿ ಮೂಳೆಯದು. ಜೊತೆಗೆ ಬರುವ ಯಾಹ್ವಾ ಬಿಡಬೇಡಿ: ಟೊಮೆಟೊ, ಲೊಕೊಟೊ ಮೆಣಸಿನಕಾಯಿ, ಒಂದು ಘಾಟು ಸೊಪ್ಪು, ಬಟಾನ್ ಎಂಬ ಅಗಲ ಕಲ್ಲಿನ ಮೇಲೆ ಅರೆದದ್ದು. ನಮ್ಮಜ್ಜಿಯರ ಚಟ್ನಿಗೆ ದೂರದ ನಂಟೇ ಸರಿ. ಅಡುಗೆ ನೀವೇ ಮಾಡುವುದಾದರೆ ಬೇಳೆ ನಂಬಬೇಡಿ. ಉಯುನಿಯಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಬೇಯುವುದಿಲ್ಲ.

ಹಳದಿ ಜ್ವರದ ಲಸಿಕೆ ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲೇ ಆಗಿರಬೇಕು, ಪ್ರಮಾಣಪತ್ರ ಊರ್ಜಿತವಾಗುವುದು ಆಮೇಲೆ. ಮರಳುವಾಗ ಭಾರತವೂ ಅದನ್ನು ಕೇಳುತ್ತದೆ. ಕೋಕಾ ಎಲೆ ಅಲ್ಲಿ ಕಾನೂನುಬದ್ಧ, ನಮ್ಮಲ್ಲಿ ಅಲ್ಲ. ಚೀಲದ ಮೂಲೆಮೂಲೆ ಕೊಡವಿಯೇ ವಿಮಾನ ಹತ್ತಿ.

ಇನ್ನು 'ಬ್ಲೊಕೇಯೊ', ಅಂದರೆ ರಸ್ತೆ ತಡೆ. ಬೇಡಿಕೆಯಿರುವ ಯಾರೇ ಆಗಲಿ ಹೆದ್ದಾರಿಗೆ ಕಲ್ಲು, ಟೈರು ಅಡ್ಡ ಹಾಕಿ ದಿನಗಟ್ಟಲೆ ಕೂರುತ್ತಾರೆ. ಪ್ರತಿ ಪ್ರಯಾಣದ ಹಿಂದಿನ ಸಂಜೆ ಹೆದ್ದಾರಿ ಇಲಾಖೆ ಎಬಿಸಿಯ ನಕ್ಷೆ ನೋಡಿ, ನಿಲ್ದಾಣದ ಕೌಂಟರಿನಲ್ಲೂ ವಿಚಾರಿಸಿ. ಮರಳುವ ವಿಮಾನಕ್ಕೆ ಮೂರು ದಿನ ಮೊದಲೇ ಆ ಊರು ಸೇರಿರಿ.

ಇಂತಿ ನಿನ್ನ ಗೆಳೆಯ