ಗರಗಸದ ಸ್ಕ್ರೂ ಯಾರ ಕೈಗೆ ಮಾಡಿದ್ದು?

ಸಂಪಾದಕರಿಗೆ ನಮಸ್ಕಾರ.

ಮನೆಯಲ್ಲೇ ಕೂತು ಮಾಡಬಹುದಾದ ಕೆಲಸಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಅದರಲ್ಲಿ ಸ್ಕ್ರೋಲ್ ಸಾ ಮೆಶಿನಿನ, ಅಂದರೆ ತೆಳು ಬ್ಲೇಡು ಮೇಲೆ ಕೆಳಗೆ ಆಡುತ್ತಾ ಮರದಲ್ಲಿ ಅಕ್ಷರ, ಚಿತ್ತಾರ ಕೊಯ್ಯುವ ಕರೆಂಟಿನ ಗರಗಸದ, ಹೆಸರೂ ಇತ್ತು. ಹಗುರ ಕೆಲಸ, ವಯಸ್ಸಾದವರೂ ಮಾಡಬಹುದು ಅಂತ ಬರೆದಿದ್ದರು. ಕೆಲಸ ಹಗುರವೇ, ಸುಳ್ಳಲ್ಲ. ಮರವನ್ನು ಮೆಲ್ಲ ತಿರುಗಿಸುತ್ತಾ ಹೋದರೆ ಬ್ಲೇಡು ಅದರಷ್ಟಕ್ಕೆ ಕೊಯ್ಯುತ್ತದೆ. ಆದರೆ ಆ ಬ್ಲೇಡನ್ನು ಕಚ್ಚಿ ಹಿಡಿಯುವ ಸ್ಕ್ರೂ ಉಂಟಲ್ಲ, ಅದನ್ನು ಬಿಗಿಯುವ ಕಷ್ಟದ ಬಗ್ಗೆ ಒಂದು ಸಾಲೂ ಇರಲಿಲ್ಲ.

ನಾನು ಪೆರ್ಲದ ಹತ್ತಿರದವಳು. ಮದುವೆಗೆ ಮೊದಲಿನಿಂದಲೂ ಬೀಡಿ ಕಟ್ಟಿದವಳು. ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ಎಲೆ ಸುತ್ತುವುದು, ತುದಿ ಮಡಚುವುದು, ಎಲ್ಲಾ ಹೆಬ್ಬೆರಳಿನ ಮೇಲೇ ನಡೆಯುವ ಕೆಲಸ. ಈಗ ಹೆಬ್ಬೆರಳಿನ ಬುಡದ ಗಂಟು ಸವೆದಿದೆ. ಬಿಂದಿಗೆ ಎತ್ತಬಲ್ಲೆ, ತೆಂಗಿನಕಾಯಿ ತುರಿಯಬಲ್ಲೆ. ಬಾಟಲಿಯ ಸಣ್ಣ ಮುಚ್ಚಳ ಮಾತ್ರ ಜಪ್ಪಯ್ಯ ಅಂದರೂ ತೆಗೆಯಲಾಗುವುದಿಲ್ಲ. ಎರಡು ಬೆರಳಲ್ಲಿ ಚಿವುಟಿ ಹಿಡಿಯುವಾಗ ತುದಿಯಲ್ಲಿ ಎಷ್ಟು ಒತ್ತುತ್ತೇವೋ ಅದರ ಹಲವು ಪಟ್ಟು ಭಾರ ಬುಡದ ಗಂಟಿನ ಮೇಲೆ ಬೀಳುತ್ತದಂತೆ. ಸ್ಕ್ರೋಲ್ ಸಾದ ಸ್ಕ್ರೂ ಕೇಳುವುದು ಸರಿಯಾಗಿ ಇದೇ ಹಿಡಿತವನ್ನು.

ಬೀಡಿ ಬಿಟ್ಟ ಮೇಲೆ, ಮಗ ತಂದುಕೊಟ್ಟ ಮೆಶಿನಿನಲ್ಲಿ ಮನೆ ಹೆಸರಿನ ಫಲಕ ಕೊರೆಯುತ್ತೇನೆ. ಕನ್ನಡದಲ್ಲೂ ಮಲಯಾಳದಲ್ಲೂ. ನಮ್ಮ ಕಡೆ ಒಂದೇ ಗೇಟಿಗೆ ಎರಡೂ ಬೇಕು ಅನ್ನುವವರಿದ್ದಾರೆ. ‘ರ’ದ ಹೊಟ್ಟೆಯೊಳಗಿನ ಮರ ತೆಗೆಯಬೇಕಾದರೆ ಅಲ್ಲೊಂದು ತೂತು ಹೊಡೆಯಬೇಕು. ಬ್ಲೇಡಿನ ಒಂದು ತುದಿ ಬಿಚ್ಚಿ ತೂತಿನಲ್ಲಿ ತೂರಿಸಿ ಮತ್ತೆ ಬಿಗಿಯಬೇಕು. ಕೊಯ್ದಾದ ಮೇಲೆ ಪುನಃ ಬಿಚ್ಚಬೇಕು. ಮನೆಗೆ ‘ವೈಕುಂಠ’ ಅಂತ ಹೆಸರಿಟ್ಟವರು ಬಂದರಂತೂ ಕೇಳುವುದೇ ಬೇಡ. ಸೊನ್ನೆಯ ಒಳಗೊಂದು ತೂತು, ಠದ ಒಳಗೊಂದು, ಅದೂ ಸಾಲದೆ ಠದ ನಡುವಿನ ಬೊಟ್ಟು ಕಳಚಿ ಬೀಳದ ಹಾಗೆ ಒಂದು ಸಣ್ಣ ಸೇತುವೆ ಬಿಡಬೇಕು. ಹೀಗೆ ಒಂದು ಫಲಕ ಮುಗಿಯುವಷ್ಟರಲ್ಲಿ ಆ ಸ್ಕ್ರೂ ಎಷ್ಟು ಸಲ ತಿರುಗುತ್ತದೆ, ನೀವೇ ಹೇಳಿ.

ಅಂಗಡಿಯಲ್ಲಿ ಕೇಳಿದರೆ ಎರಡು ಉತ್ತರ ಸಿಗುತ್ತದೆ. ಒಂದು, ‘ಪಿನ್ ಇರುವ ಬ್ಲೇಡು ಹಾಕಿ ಅಕ್ಕ, ಬಿಗಿಯುವ ರಗಳೆಯೇ ಇಲ್ಲ.’ ನಿಜ, ಆ ಬ್ಲೇಡಿನ ಎರಡೂ ತುದಿಯಲ್ಲಿ ಅಡ್ಡ ಪಿನ್ ಇರುತ್ತದೆ, ಕೊಕ್ಕೆಗೆ ಸಿಕ್ಕಿಸಿದರೆ ಆಯಿತು. ಆದರೆ ಆ ಪಿನ್ ತೂರಲು ದೊಡ್ಡ ತೂತು ಬೇಕು. ಪಿನ್ ಇಲ್ಲದ ಸಣ್ಣ ಬ್ಲೇಡಿಗೆ 2 ಮಿಲಿಮೀಟರಿನ ತೂತು ಸಾಕು. ಸಣ್ಣ ಅಕ್ಷರದ ಹೊಟ್ಟೆಯಲ್ಲಿ ಪಿನ್ ಹೋಗುವ ತೂತು ಹೊಡೆದರೆ ಅಕ್ಷರವೇ ಉಳಿಯುವುದಿಲ್ಲ. ಎರಡನೇ ಉತ್ತರ, ‘ಇಕ್ಕಳ ಹಾಕಿ ತಿರುಗಿಸಿ.’ ಹಾಗೆ ಮಾಡಿದರೆ ಎಷ್ಟು ಬಿಗಿಯಾಯಿತು ಅಂತ ಕೈಗೆ ಗೊತ್ತೇ ಆಗುವುದಿಲ್ಲ. ಬ್ಲೇಡು ಹಿಡಿಯುವ ತುಂಡು ಎಷ್ಟೋ ಮೆಶಿನುಗಳಲ್ಲಿ ಅಲ್ಯೂಮಿನಿಯಮ್ಮಿನದ್ದು, ಸ್ಕ್ರೂ ಉಕ್ಕಿನದ್ದು. ಜಾಸ್ತಿ ಬಿಗಿದರೆ ಸ್ಕ್ರೂ ಕಚ್ಚುವ ಒಳಗಿನ ಸುರುಳಿ ಗೆರೆಯೇ ಸವೆದು ಹೋಗುತ್ತದೆ.

ಅಸಲಿಗೆ ಬ್ಲೇಡು ನಿಲ್ಲಲು ಅಷ್ಟೊಂದು ಬಲ ಬೇಡವೇ ಬೇಡ. ಹೊಸ ಬ್ಲೇಡಿಗೆ ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಸವರಿರುತ್ತಾರೆ. ಆ ಎಣ್ಣೆ ಇರುವಷ್ಟು ಹೊತ್ತು ಭೀಮ ಬಂದು ಬಿಗಿದರೂ ಜಾರುತ್ತದೆ. ಎರಡೂ ತುದಿಯನ್ನು ಥಿನ್ನರಿನ ಬಟ್ಟೆಯಲ್ಲಿ ಒರೆಸಿ, ಎಮರಿ ಕಾಗದದಲ್ಲಿ ಒಮ್ಮೆ ಎಳೆದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು. ಬ್ಲೇಡನ್ನು ಎಳೆದು ಬಿಗಿ ಮಾಡುವ ಟೆನ್ಷನ್ ಹಿಡಿಯನ್ನು ಪೂರ್ತಿ ಸಡಿಲಿಸಿಯೇ ಸ್ಕ್ರೂ ಬಿಗಿಯಬೇಕು, ಆಮೇಲೆ ಟೆನ್ಷನ್ ಕೊಡಬೇಕು. ಇನ್ನೊಂದು ಸಂಗತಿ ಯಾರೂ ಹೇಳುವುದಿಲ್ಲ. ಹಲವು ಮೆಶಿನುಗಳಲ್ಲಿ ಬ್ಲೇಡಿನ ಒಂದು ಬದಿಗೆ ನಾವು ತಿರುಗಿಸುವ ಸ್ಕ್ರೂ, ಇನ್ನೊಂದು ಬದಿಗೆ ಅಲನ್ ಕೀ (ಆರು ಮೂಲೆಯ ಕಡ್ಡಿ) ಹಾಕುವ ಸಣ್ಣ ಸ್ಕ್ರೂ ಇರುತ್ತದೆ. ಬ್ಲೇಡು ಉಜ್ಜಿ ಉಜ್ಜಿ ಆ ಸಣ್ಣದರ ತುದಿಯಲ್ಲಿ ಗೆರೆಯ ಹಾಗೆ ಗುಳಿ ಬೀಳುತ್ತದೆ. ಅದನ್ನು ತೆಗೆದು ಅರದಲ್ಲಿ ಸಪಾಟು ಮಾಡಿದರೆ ಹಿಡಿತ ಮತ್ತೆ ಸರಿಯಾಗುತ್ತದೆ.

ಇಷ್ಟಾದ ಮೇಲೂ ಸ್ಕ್ರೂವನ್ನು ತಿರುಗಿಸಲೇಬೇಕಲ್ವಾ? ಅದಕ್ಕೆ ನಾನೇ ಒಂದು ಚಾವಿ ಮಾಡಿಕೊಂಡಿದ್ದೇನೆ. ನನ್ನ ಮೆಶಿನಿನ ಸ್ಕ್ರೂವಿನ ತಲೆ ಅರ್ಧ ಇಂಚು ಅಗಲ. ಅದರ ಮೇಲೆ ಕಾಗದ ಇಟ್ಟು ಪೆನ್ಸಿಲು ಉಜ್ಜಿದರೆ ಸುತ್ತಲಿನ ಹಲ್ಲುಗಳ ಆಕಾರ ಮೂಡುತ್ತದೆ. ಆ ಕಾಗದವನ್ನು ಮುಕ್ಕಾಲು ಇಂಚಿನ ಪ್ಲೈವುಡ್ಡಿಗೆ ಅಂಟಿಸಿ, ಒಳಗಿನ ಆಕಾರ ಕೊಯ್ದು ತೆಗೆದೆ. ಹೊರಗಿನಿಂದ ಎರಡು ಇಂಚು ಅಗಲಕ್ಕೆ ಐದೆಸಳಿನ ಹೂವಿನ ಹಾಗೆ ಕೊಯ್ದು, ಅಂಚು ನಯ ಮಾಡಿದೆ. ಒಳಗೆ ಸೈಕಲ್ ಟ್ಯೂಬಿನ ಒಂದು ಪಟ್ಟಿ ಅಂಟಿಸಿದರೆ ಜಾರುವುದಿಲ್ಲ. ಸ್ಕ್ರೂವಿನ ತಲೆಗೆ ಇದನ್ನು ತೊಡಿಸಿ ತಿರುಗಿಸುವುದು. ಅಗಲ ನಾಲ್ಕು ಪಟ್ಟು ಆದ್ದರಿಂದ ಅಷ್ಟೇ ಬಿಗಿತಕ್ಕೆ ಕಾಲು ಪಾಲು ಬಲ ಸಾಕು. ಮತ್ತೆ, ಚಿವುಟಿ ಹಿಡಿಯುವ ಗೋಜಿಲ್ಲ, ಐದೂ ಬೆರಳು ಎಸಳುಗಳ ನಡುವೆ ಕೂತು ಅಂಗೈಯೇ ತಿರುಗಿಸುತ್ತದೆ. ಬ್ಲೇಡು ಹಾಕುವ ಮೊದಲು ಪ್ಲಗ್ ಕಿತ್ತಿಡಬೇಕು. ಮೆಶಿನು ಚಾಲು ಮಾಡುವ ಮೊದಲು ಚಾವಿ ತೆಗೆದಿಡಬೇಕು. ಅಲ್ಲೇ ಬಿಟ್ಟರೆ ಆ ಭಾರಕ್ಕೆ ಮೆಶಿನಿನ ತೋಳು ನಡುಗುತ್ತದೆ, ಚಾವಿ ಹಾರಿ ಮುಖಕ್ಕೂ ಬಡಿಯಬಹುದು. ನನ್ನದಕ್ಕೆ ಕೆಂಪು ಬಣ್ಣ ಹಚ್ಚಿ ಪ್ಲಗ್ಗಿನ ವಯರಿಗೇ ಗಿಡ್ಡ ದಾರದಲ್ಲಿ ಕಟ್ಟಿದ್ದೇನೆ. ದಾರ ಎಷ್ಟು ಗಿಡ್ಡ ಅಂದರೆ ಪ್ಲಗ್ ಕಿತ್ತು ಮೇಜಿಗೆ ತರದೆ ಚಾವಿ ಸ್ಕ್ರೂವಿಗೆ ಮುಟ್ಟುವುದೇ ಇಲ್ಲ.

ಈಗ ನನ್ನ ತಕರಾರಿಗೆ ಬರುತ್ತೇನೆ. ಇಂಥ ಒಂದು ಪ್ಲಾಸ್ಟಿಕ್ ಚಾವಿಯನ್ನು ಪೆಟ್ಟಿಗೆಯಲ್ಲೇ ಇಟ್ಟು ಕೊಡಲು ಕಂಪನಿಗಳಿಗೆ ಎಂತ ಕಷ್ಟ? ಹಿಡಿ ಒತ್ತಿದರೆ ಬ್ಲೇಡು ಕಚ್ಚುವ ಮೆಶಿನುಗಳೂ ಇವೆ. ಆದರೆ ಅವು ದುಬಾರಿ. ಕೈಯಲ್ಲಿ ಬಲ ಕಡಿಮೆ ಇದ್ದವರ ಹತ್ತಿರ ದುಡ್ಡು ಜಾಸ್ತಿ ಇರುತ್ತದೆ ಅಂತ ಲೆಕ್ಕವೋ ಏನೋ. ಅಂಗಡಿಯವರಾದರೂ ಒಂದು ಬ್ಲೇಡು ಕೊಟ್ಟು, ‘ನೀವೇ ಹಾಕಿ ತೆಗೆದು ನೋಡಿ’ ಅನ್ನಬಹುದು. ನಮ್ಮಲ್ಲಿ ಮೆಶಿನು ಓಡಿಸಿ ತೋರಿಸುತ್ತಾರೆ, ಬ್ಲೇಡು ಬದಲಿಸಿ ತೋರಿಸುವುದಿಲ್ಲ.

ಇದು ನನ್ನೊಬ್ಬಳ ಹೆಬ್ಬೆರಳಿನ ಮಾತಲ್ಲ. ಕಾಸರಗೋಡು, ಮಂಜೇಶ್ವರದ ಕಡೆ ಬೀಡಿ ಕಟ್ಟಿ ಬೆರಳು ಸವೆಸಿದ ಹೆಂಗಸರು ಬೇಕಾದಷ್ಟು ಮಂದಿ. ಎಂಡೋಸಲ್ಫಾನಿನ ಊರೂ ನಮ್ಮದೇ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಆ ಕೀಟನಾಶಕ ಮದ್ದಿನ ನಂತರ, ಕೈಕಾಲು ಸ್ವಾಧೀನ ಇಲ್ಲದೆ ಹುಟ್ಟಿದ ಮಕ್ಕಳು ಎಷ್ಟೋ ಮನೆಗಳಲ್ಲಿ ಈಗ ದೊಡ್ಡವರಾಗಿದ್ದಾರೆ. ಕೂತು ಮಾಡುವ ಕೆಲಸ ಬೇಕಾದದ್ದು ಇವರಿಗೇ. ಕುಟುಂಬಶ್ರೀ (ಕೇರಳದ ಹೆಂಗಸರ ಸ್ವಸಹಾಯ ಸಂಘ) ಘಟಕಗಳಿಗೋ ತರಬೇತಿ ಕೇಂದ್ರಗಳಿಗೋ ಪಂಚಾಯತಿನ ಹಣದಲ್ಲಿ ಮೆಶಿನು ತರುವಾಗ, ಅದರಲ್ಲಿ ಕೂತು ಕೆಲಸ ಮಾಡುವವರನ್ನೇ ಇಬ್ಬರು ಮೂವರು ಅಂಗಡಿಗೆ ಕರೆದುಕೊಂಡು ಹೋಗಲಿ. ಅವರ ಕೈಯಿಂದಲೇ ಬ್ಲೇಡು ಬಿಚ್ಚಿಸಿ ಹಾಕಿಸಿ ನೋಡಲಿ. ಸ್ಕ್ರೂ ತಿರುಗದಿದ್ದರೆ ಆ ಮಾದರಿ ಬೇಡ ಅನ್ನಲಿ, ಇಲ್ಲವೇ ಚಾವಿ ಮಾಡಿಕೊಟ್ಟರೆ ಮಾತ್ರ ಬಿಲ್ಲು ಪಾಸು ಮಾಡುತ್ತೇವೆ ಅಂತ ಕೊಟೇಶನ್ ಕೇಳುವಾಗಲೇ ಬರೆಯಲಿ.

ಇಂತಿ,
ಫಲಕ ಕೊರೆಯುವ ನಿಮ್ಮ ಓದುಗಾರ್ತಿ,
ಪೆರ್ಲ, ಕಾಸರಗೋಡು ಜಿಲ್ಲೆ