ಸಬ್‌ಸ್ಟೇಷನ್ ಕೇಬಲನ್ನು ನೆಟ್ಟಗೆ ಎಳೆದು ಕಟ್ಟಬೇಡಿ

ಮಾನ್ಯ ಸಂಪಾದಕರೇ,

ಭೂಕಂಪ ಆಗಿ ಕರೆಂಟ್ ಹೋದರೆ ಎಲ್ಲರೂ ಬಿದ್ದ ಕಂಬ, ತುಂಡಾದ ಲೈನ್ ಬಗ್ಗೆ ಮಾತಾಡುತ್ತಾರೆ. ಸಬ್‌ಸ್ಟೇಷನ್ ಒಳಗೆ ಒಂದು ಉಪಕರಣದಿಂದ ಇನ್ನೊಂದಕ್ಕೆ ಹೋಗುವ ಅಲ್ಯೂಮಿನಿಯಂ ಕೇಬಲ್ ಕಡೆ ಯಾರೂ ನೋಡುವುದಿಲ್ಲ.

ಇದು ಗಟ್ಟಿ ಸರಳಲ್ಲ, ಹಗ್ಗದ ಹಾಗೆ ಹೊಸೆದ ಎಳೆಗಳ ಕಂತೆ. ಒಂದು ತುಂಡನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ. ಮೊದಲು ಸರಳಿನ ಹಾಗೆ ಸೆಟೆದುಕೊಳ್ಳುತ್ತದೆ, ಇನ್ನಷ್ಟು ಒತ್ತಿದರೆ ಎಳೆಗಳು ಒಂದರ ಮೇಲೊಂದು ಜಾರಿ ಮೆತ್ತಗಾಗುತ್ತದೆ, ಕೈ ಬಿಟ್ಟರೂ ಪೂರ್ತಿ ನೆಟ್ಟಗಾಗುವುದಿಲ್ಲ. ಬರೀ 7 ಎಳೆಯ ಕೇಬಲ್ ಲೆಕ್ಕ ಹಾಕಿದರೂ, ಎಳೆಗಳು ಕಚ್ಚಿಕೊಂಡಿರುವಾಗ ಬಗ್ಗಿಸಲು ಎದುರಾಗುವ ಬಿಗಿತ ಪೂರ್ತಿ ಜಾರುವಾಗಿನದಕ್ಕಿಂತ ಸುಮಾರು 8 ಪಟ್ಟು. 19, 37 ಎಳೆ ಇದ್ದರೆ ವ್ಯತ್ಯಾಸ ಇನ್ನೂ ಜಾಸ್ತಿ. ಹಾಗಿದ್ದ ಮೇಲೆ ಡಿಸೈನ್ ಮಾಡುವಾಗ ಈ ಬಿಗಿತಕ್ಕೆ ಸುಮ್ನೆ ಒಂದೇ ಅಂಕಿ ಹಾಕಿಬಿಡುವುದು ತಪ್ಪು ಅಲ್ವಾ?

ನೆಲ ನಡುಗಿದಾಗ ಪಕ್ಕಪಕ್ಕದ ಎರಡು ಉಪಕರಣ ಒಂದೇ ತಾಳಕ್ಕೆ ಅಲುಗಾಡುವುದಿಲ್ಲ. ಸಡಿಲ ಸಾಲದಿದ್ದರೆ ಕೇಬಲ್ ಬಿಗಿದು, ಉಪಕರಣದ ಇನ್ಸುಲೇಟರನ್ನು (ಕರೆಂಟ್ ಬೇರೆಡೆ ಹರಿಯದಂತೆ ತಡೆಯುವ ಭಾಗ) ಜಗ್ಗುತ್ತದೆ. ಪಿಂಗಾಣಿ ಇನ್ಸುಲೇಟರ್ ಬಗ್ಗುವ ವಸ್ತುವಲ್ಲ, ಬಿರುಕು ಬಿಟ್ಟು ಮುರಿಯುತ್ತದೆ. ಎಳೆಗಳ ತಿಕ್ಕಾಟ ಅಲುಗಾಟವನ್ನು ಸ್ವಲ್ಪ ತಗ್ಗಿಸುತ್ತದೆ ನಿಜ, ಆದರೆ ಸಡಿಲವೇ ಇಲ್ಲದಿದ್ದರೆ ಅದೂ ಕೆಲಸಕ್ಕೆ ಬರುವುದಿಲ್ಲ.

ಅಂದವಾಗಿ ಕಾಣಲಿ ಅಂತ ಕೇಬಲನ್ನು ನೆಟ್ಟಗೆ ಎಳೆದು ಕಟ್ಟುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಭೂಕಂಪದ ಜಾಗಗಳಲ್ಲಿ ಈ ಕೇಬಲ್‌ಗಳ ವಿನ್ಯಾಸ ಹೇಗಿರಬೇಕು ಅಂತ ಹೇಳುವ ಐಇಇಇ 1527 (ಎಂಜಿನಿಯರ್‌ಗಳ ಅಂತರರಾಷ್ಟ್ರೀಯ ಸಂಸ್ಥೆ ಐಇಇಇಯ ಮಾರ್ಗಸೂಚಿ) ಇದ್ದೇ ಇದೆ. ಡ್ರಾಯಿಂಗ್‌ನಲ್ಲಿ ಸಡಿಲದ ಅಳತೆಯನ್ನೂ ಬರೆಯಿರಿ. ಕ್ಲ್ಯಾಂಪ್ ಬಿಗಿಯುವ ಮುಂಚೆ ಟೇಪ್ ಹಿಡಿದು ಅಳೆಯಿರಿ.

ಇಂತಿ,
ನಿಮ್ಮ ಓದುಗ