ಸತ್ತವರ ಲೆಕ್ಕ ಸಿಗುತ್ತದೆ, ಯಾಕೆ ಸತ್ತರು ಅನ್ನುವುದು ಸಿಗುವುದಿಲ್ಲ

ಸಂಪಾದಕರೇ,

ಭೂಕಂಪವಾಗಲಿ, ಚಂಡಮಾರುತವಾಗಲಿ, ಪತ್ರಿಕೆಗಳಲ್ಲಿ ಸುದ್ದಿ ಬರುವ ರೀತಿ ಒಂದೇ. ತೀವ್ರತೆ ಎಷ್ಟು, ಸತ್ತವರೆಷ್ಟು, ಪರಿಹಾರ ಎಷ್ಟು. ನಾಲ್ಕು ದಿನಕ್ಕೆ ಸುದ್ದಿ ಒಳಪುಟಕ್ಕೆ ಹೋಗುತ್ತದೆ, ಆಮೇಲೆ ಮಾಯ. ಅಷ್ಟು ಜನ ಯಾಕೆ ಸತ್ತರು ಅಂತ ಮಾತ್ರ ಎಲ್ಲೂ ಓದಲು ಸಿಗುವುದಿಲ್ಲ.

2010ರ ಜನವರಿಯಲ್ಲಿ ಹೈಟಿಯಲ್ಲಿ 7.0 ತೀವ್ರತೆಯ ಭೂಕಂಪವಾಯಿತು. ಲಕ್ಷಕ್ಕೂ ಜಾಸ್ತಿ ಜನ ಸತ್ತರು. ಮುಂದಿನ ತಿಂಗಳೇ ಚಿಲಿಯಲ್ಲಿ 8.8ರ ಭೂಕಂಪ. ಹೈಟಿಯದ್ದಕ್ಕಿಂತ ಸುಮಾರು 500 ಪಟ್ಟು ಹೆಚ್ಚು ಶಕ್ತಿ ಹೊರಬಂದರೂ ಸತ್ತವರು ಐನೂರ ಚಿಲ್ಲರೆ, ಅದರಲ್ಲೂ ಎಷ್ಟೋ ಜನ ಹೋಗಿದ್ದು ಸುನಾಮಿಗೆ. ಹೈಟಿಯಲ್ಲಿ ಕಂಪನ ರಾಜಧಾನಿಯ ಪಕ್ಕದಲ್ಲೇ ಆಯಿತು, ಅದೂ ಒಂದು ಕಾರಣ, ಒಪ್ಪೋಣ. ಆದರೆ 1960ರಲ್ಲಿ 9.5ರ ಭೂಕಂಪ ಕಂಡ ಚಿಲಿ ಕಟ್ಟಡದ ನಿಯಮಗಳನ್ನು ಬಿಗಿ ಮಾಡುತ್ತಾ ಬಂತು. ಕಟ್ಟಡದ ಕಂಬ, ತೊಲೆಗಳಲ್ಲಿ ದೋಷ ಕಂಡರೆ ಮೊದಲು ಮಾರಿದವರೇ 10 ವರ್ಷ ಹೊಣೆ ಅಂತ ಅಲ್ಲಿ ಕಾನೂನೇ ಇದೆ. ಹೈಟಿಯಲ್ಲಿ ಕೇಳುವವರೇ ಇರಲಿಲ್ಲ.

ಭೂಮಿಯ ಹೊರಪದರದ ಫಲಕಗಳು ಉಗುರು ಬೆಳೆಯುವಷ್ಟು ನಿಧಾನವಾಗಿ ಸರಿಯುತ್ತಾ ಇರುತ್ತವೆ, ಅಂಚಿನಲ್ಲಿ ಸಿಕ್ಕಿಕೊಂಡು ಒತ್ತಡ ಕೂಡುತ್ತದೆ, ಒಂದು ದಿನ ಜಾರುತ್ತದೆ. ಅದನ್ನು ತಡೆಯೋಕೆ ಯಾರಿಂದಲೂ ಆಗಲ್ಲ. ಆದರೆ ಬಯಲಲ್ಲಿ ನಿಂತವನನ್ನು ಆ ಅಲುಗಾಟ ಕೊಲ್ಲುವುದು ಅಪರೂಪ, ಕೊಲ್ಲುವುದು ಬಹುಪಾಲು ತಲೆಯ ಮೇಲಿನ ಸೂರೇ.

ಕಾಂಕ್ರೀಟ್ ಕಾಲಂ ಒಳಗೆ ಉದ್ದದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗ್‌ಗಳಿರುತ್ತವೆ ನೋಡಿ. ಅವುಗಳ ಎರಡೂ ತುದಿಯನ್ನು 135 ಡಿಗ್ರಿ ಬಗ್ಗಿಸಿ ಕಾಲಂನ ಒಳಭಾಗಕ್ಕೆ ತಿರುಗಿಸಬೇಕು. ಕೈಗೆ ಕಷ್ಟ, ಹೊತ್ತೂ ಹಿಡಿಯುತ್ತದೆ ಅಂತ 90 ಡಿಗ್ರಿಗೇ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ, ಮೇಲೆ ಕಾಂಕ್ರೀಟ್, ಅದರ ಮೇಲೆ ಪ್ಲಾಸ್ಟರ್, ಬಣ್ಣ. ನೆಲ ಅಡ್ಡಡ್ಡ ಅಲ್ಲಾಡಿದಾಗ ಹೊರಗಿನ ಕಾಂಕ್ರೀಟ್ ಉದುರುತ್ತದೆ, ರಿಂಗ್ ಬಿಚ್ಚಿಕೊಳ್ಳುತ್ತದೆ, ಕಂಬಿಗಳು ಹೊರಕ್ಕೆ ಡೊಂಕಾಗುತ್ತವೆ, ಮಹಡಿಗಳು ಒಂದರ ಮೇಲೊಂದು ಕೂರುತ್ತವೆ. ಕೆಳಗೆ ಗೋಡೆಗಳಿಲ್ಲದೆ ಬರೀ ಕಾಲಂ ಮೇಲೆ ನಿಂತ ಪಾರ್ಕಿಂಗ್ ಇದ್ದರಂತೂ ಮೊದಲು ಕೈಕೊಡುವುದು ಅದೇ. ಇದೆಲ್ಲ ಎಂಜಿನಿಯರುಗಳಿಗೆ ಗೊತ್ತಿಲ್ಲದ್ದೇನಲ್ಲ. ಟರ್ಕಿಯಲ್ಲಿ ನಿಯಮ ಇತ್ತು, ಆದರೆ 2018ರಲ್ಲಿ ಅಕ್ರಮ ಕಟ್ಟಡಗಳನ್ನು ಶುಲ್ಕ ಕಟ್ಟಿಸಿಕೊಂಡು ಸಕ್ರಮ ಮಾಡಿದರು. 2023ರ ಫೆಬ್ರುವರಿಯ ಭೂಕಂಪಗಳಲ್ಲಿ ಅಲ್ಲಿ 50,000ಕ್ಕೂ ಹೆಚ್ಚು ಜನ ಸತ್ತರು. ಹಣ ಕಟ್ಟಿದ ಮಾತ್ರಕ್ಕೆ ಕಾಲಂ ಗಟ್ಟಿಯಾಗುತ್ತದಾ?

ನೀರಿನ ವಿಚಾರವೂ ಹೀಗೇ. 2005ರಲ್ಲಿ ಕತ್ರಿನಾ ಚಂಡಮಾರುತ ಬಂದಾಗ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಶೇ 80ರಷ್ಟು ಭಾಗ ಮುಳುಗಿತು. ಕೆಲವು ಕಡೆ ನೀರು ತಡೆಗೋಡೆಯ ಮಟ್ಟಕ್ಕೆ ಏರುವ ಮೊದಲೇ ಗೋಡೆ ಕುಸಿದಿತ್ತು. ಇನ್ನೊಂದು ತಮಾಷೆ ಏನೆಂದರೆ, ತಡೆಗೋಡೆ ಕಟ್ಟಿದ ಕೂಡಲೇ ಅದರ ಹಿಂದಿನ ತಗ್ಗಿನಲ್ಲಿ ಸೈಟು ಮಾಡಿ ಮಾರುವವರು ಬರುತ್ತಾರೆ, ಗೋಡೆ ಇದೆಯಲ್ಲ ಅಂತ ಕೊಳ್ಳುವವರೂ ಇರುತ್ತಾರೆ.

ಬಾಂಗ್ಲಾದೇಶ ನೋಡಿ, ಶ್ರೀಮಂತ ದೇಶವೇನಲ್ಲ. 1970ರ ಭೋಲಾ ಚಂಡಮಾರುತದಲ್ಲಿ ಅಲ್ಲಿ (ಆಗ ಅದು ಪೂರ್ವ ಪಾಕಿಸ್ತಾನ) ಕನಿಷ್ಠ 3 ಲಕ್ಷ ಜನ ಸತ್ತರು ಅನ್ನುವ ಅಂದಾಜಿದೆ. 2007ರ ಸಿದ್ರ್ ಕೂಡ ಭಾರೀ ಚಂಡಮಾರುತವೇ, ಸತ್ತವರು ಸುಮಾರು 3,400. ಅದೂ ಕಡಿಮೆಯಲ್ಲ. ಆದರೆ ನಡುವೆ ಅವರು ಮಾಡಿದ್ದು ದೊಡ್ಡ ತಂತ್ರಜ್ಞಾನವೇನಲ್ಲ: ಎತ್ತರದ ಆಶ್ರಯ ಕಟ್ಟಡಗಳು, ಮೆಗಾಫೋನ್ ಹಿಡಿದು ಮನೆ ಮನೆಗೆ ಹೋಗುವ ಸ್ವಯಂಸೇವಕರು. ದನಕರು ಬಿಟ್ಟು ಜನ ಹೊರಡುವುದಿಲ್ಲ ಅಂತ ಗೊತ್ತಾಗಿ ಜಾನುವಾರಿಗೂ ಮಣ್ಣಿನ ದಿಬ್ಬ ಎಬ್ಬಿಸಿದರು. ಮುನ್ಸೂಚನೆ ಕೊಟ್ಟರೂ ಜನ ಕೇಳಲ್ಲ ಅಂತ ಬೈಯುವವರು ಈ ದಿಬ್ಬದ ಬಗ್ಗೆ ಸ್ವಲ್ಪ ಯೋಚಿಸಬೇಕು.

ಈಗಂತೂ ನಮ್ಮಿಂದಲೇ ಭೂಮಿ ಬಿಸಿಯಾಗುತ್ತಿದೆ, ಮಳೆ, ಗಾಳಿಯೂ ಪೂರ್ತಿ ಪ್ರಕೃತಿಯದ್ದು ಅಂತ ಹೇಳುವ ಹಾಗಿಲ್ಲ. ಗಾಳಿಯ ಉಷ್ಣಾಂಶ 1 ಡಿಗ್ರಿ ಏರಿದರೆ ಅದು ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿದುಕೊಳ್ಳಬಲ್ಲದು. ಮಳೆ ಸುರಿದಾಗ ಆ ನೀರೂ ಸೇರಿಯೇ ಸುರಿಯುತ್ತದೆ. ಕೆಳಗೆ ಮಣ್ಣಿದ್ದ ಕಡೆಯೆಲ್ಲ ಕಾಂಕ್ರೀಟ್ ಹಾಕಿದ್ದೇವೆ, ಇಂಗುವುದು ಎಲ್ಲಿ?

ಹಾಗಾಗಿ ಒಂದು ಕೋರಿಕೆ. ಅನಾಹುತ ಆದ ಮೇಲೆ ದಯವಿಟ್ಟು ಬರೀ ಮಂತ್ರಿಗಳ ವೈಮಾನಿಕ ಸಮೀಕ್ಷೆಯ ಫೋಟೊ ಹಾಕಬೇಡಿ. ಬಿದ್ದ ಕಟ್ಟಡದ ನಕ್ಷೆಗೆ ಸಹಿ ಹಾಕಿದವರು ಯಾರು, ಪಕ್ಕದ್ದು ಹೇಗೆ ನಿಂತಿತು, ಎಚ್ಚರಿಕೆ ಎಷ್ಟು ಗಂಟೆಗೆ ಬಂತು, ಅದು ಎಷ್ಟು ಮನೆಗೆ ಮುಟ್ಟಿತು, ಇದನ್ನು ಬರೆಯಿರಿ. ಒಂದು ವರ್ಷ ಬಿಟ್ಟು ವರದಿಗಾರರನ್ನು ಮತ್ತೆ ಅದೇ ಜಾಗಕ್ಕೆ ಕಳಿಸಿ. ಅಲ್ಲಿ ಏನು ಕಟ್ಟುತ್ತಿದ್ದಾರೆ, ರಿಂಗ್ ಹೇಗೆ ಬಗ್ಗಿಸುತ್ತಿದ್ದಾರೆ ಅಂತ ನೋಡಿಕೊಂಡು ಬರಲಿ.

ಇಂತಿ,
ನಿಮ್ಮ ಓದುಗ